ನಾಲಿಗೆ ಮಡಚಿದ ಮಾತು

ಒಂದೇ ಒಂದು ಮಾತನ್ನು ತಿದ್ದಬೇಕಿತ್ತು, ನಾನು ತಿದ್ದಲಿಲ್ಲ. ಹಾಲಿನ ವ್ಯಾನಿನ ಮುನುಸಾಮಿ ಎಂಜಿನ್ ನಿಲ್ಲಿಸದೆ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಆ ಮಾತನ್ನು ನನಗೇ ತಿರುಗಿ ಕೇಳಿದ್ದ. ಅಲ್ಲ ಎಂದಿದ್ದರೆ ಸಾಕಿತ್ತು. ನಾನು ಹೌದೆಂದು ತಲೆಯಾಡಿಸಿದೆ. ಆವತ್ತಿನಿಂದ ನಮ್ಮ ಮನೆಯಲ್ಲಿ ಅದು ನಗಾಡುವ ಕತೆಯಾಗಿದೆ. ಮದುವೆಯಿರಲಿ, ನಾಮಕರಣವಿರಲಿ, ನಾಲ್ಕು ಜನ ಸೇರಿದ ಕಡೆ ನನ್ನ ತಂಗಿ ರೇವತಿ ಕೈ ತಿರುಗಿಸಿಕೊಂಡು ಅದನ್ನು ಹೇಳುತ್ತಾಳೆ. ಊರಿನಿಂದ ಬಂದ ಅಕ್ಕ, ಅವಳ ಬಾರದ ತಮಿಳು, ತಪ್ಪಿಹೋದ ಪ್ರಯಾಣ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ನಾನು ಶಾಲೆಗೆ ಹೋದದ್ದು ಊರಿನಲ್ಲಿ, ಮೂರನೇ ಕ್ಲಾಸಿನವರೆಗೆ. ಓದದವಳ ತಪ್ಪನ್ನು ಜನ ಬೇಗ ಕ್ಷಮಿಸುತ್ತಾರೆ, ಪಾಪ ಅವಳಿಗೇನು ಗೊತ್ತು ಎಂದುಬಿಡುತ್ತಾರೆ. ಆ 'ಪಾಪ'ದ ಹಿಂದೆ ನಾನು ಇಷ್ಟು ಕಾಲ ಬಚ್ಚಿಟ್ಟುಕೊಂಡು ಕೂತಿದ್ದೆ.

ನಮ್ಮ ಮನೆ ಇದ್ದದ್ದು ಪೆರಂಬೂರಿನಲ್ಲಿ, ಅಪ್ಪಯ್ಯನ ಹೋಟೆಲಿನ ಮೇಲೆ. ಎರಡು ಕೋಣೆ, ಒಂದು ಬಚ್ಚಲು, ಬಟ್ಟೆ ಒಣಹಾಕುವ ಬಯಲು ಮಹಡಿ. ಕೆಳಗೆ ಹೋಟೆಲಿನ ದೊಡ್ಡ ಒಲೆ ಯಾವ ಮೂಲೆಯಲ್ಲಿತ್ತೋ ಅದರ ನೇರಕ್ಕೆ ಮೇಲಿನ ನೆಲ ಯಾವಾಗಲೂ ಬೆಚ್ಚಗಿರುತ್ತಿತ್ತು. ಮಾಗಿಯಲ್ಲಿ ಎಲ್ಲರೂ ಅಲ್ಲಿ ಕಾಲು ಚಾಚಿ ಕೂರುವವರು. ಬೇಸಗೆಯಲ್ಲಿ ಅಲ್ಲಿ ನಾಯಿಯೂ ಮಲಗುತ್ತಿರಲಿಲ್ಲ. ಅದು ನನ್ನ ಜಾಗ. ರೇವತಿಯ ಹಾಸಿಗೆ ಕಿಟಕಿಯ ಪಕ್ಕ. ಅವಳು ಹುಟ್ಟಿದಾಗಿನಿಂದ ಮಲಗಿದ್ದ ಜಾಗ ಅದು, ನಾನು ಆಮೇಲೆ ಬಂದವಳು, ಆದ್ದರಿಂದ ಯಾರೂ ಬೇಕೆಂದು ಮಾಡಿದ್ದಲ್ಲ. ಆದರೂ ಬೆವರು ಒರೆಸಿಕೊಳ್ಳುತ್ತ ಕಿಟಕಿಯ ಕಡೆ ನೋಡುವಾಗ ನನಗೆ ಹಾಗೆ ಅನ್ನಿಸುತ್ತಿರಲಿಲ್ಲ. ಸಾಂಬಾರಿನ ವಾಸನೆ ನಮ್ಮ ತಲೆದಿಂಬಿನೊಳಗೂ ಹೋಗಿತ್ತು. ರೈಲ್ವೆ ಕಾರ್ಖಾನೆಯ ಸೈರನ್ ಕೂಗಿದರೆ ಕೆಳಗೆ ಇಡ್ಲಿಯ ತಟ್ಟೆಗಳು ಸದ್ದು ಮಾಡುತ್ತಿದ್ದವು, ಇನ್ನೊಮ್ಮೆ ಕೂಗಿದರೆ ಊಟದ ಎಲೆ ಹಾಸುತ್ತಿದ್ದರು. ನಮ್ಮ ಮನೆಗೆ ಗಡಿಯಾರವೇ ಬೇಕಿರಲಿಲ್ಲ.

ಅಪ್ಪಯ್ಯ ಕುಂದಾಪುರದ ಕಡೆಯಿಂದ ಮದ್ರಾಸಿಗೆ ಬಂದಾಗ ಯಾರದೋ ಹೋಟೆಲಿನಲ್ಲಿ ಸಪ್ಲೈಯರ್ ಆಗಿ, ಅಟ್ಟದ ಮೇಲೆ ಮಲಗುತ್ತಿದ್ದವರು. ಆಮೇಲೆ ಅಮ್ಮನನ್ನು ಕರೆಸಿಕೊಂಡರು. ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟರು, ಸ್ವಲ್ಪ ಕಾಲಕ್ಕೆ ಎಂದು. ಅಷ್ಟರಲ್ಲಿ ಇಲ್ಲಿ ರೇವತಿ ಹುಟ್ಟಿದಳು, ಹೋಟೆಲ್ ಸ್ವಂತದ್ದಾಯಿತು, ಸ್ವಲ್ಪ ಕಾಲ ಎಂಬುದು ಉದ್ದವಾಯಿತು. ಅಜ್ಜಿ ತೀರಿಕೊಂಡ ಮೇಲೆ ಸೋದರಮಾವ ನನ್ನನ್ನು ರೈಲಿನಲ್ಲಿ ಕೂರಿಸಿಕೊಂಡು ಬಂದು ಹೋಟೆಲಿನ ಮೆಟ್ಟಿಲ ಬುಡದಲ್ಲಿ ಇಳಿಸಿದರು. ಮೇಲಿನಿಂದ ಒಂದು ಪುಟ್ಟ ಹುಡುಗಿ, ಎರಡು ಜಡೆಗೂ ರಿಬ್ಬನ್ ಕಟ್ಟಿಕೊಂಡು, ನನ್ನನ್ನು ಇಣುಕಿ ನೋಡಿ, ಒಳಗೆ ಓಡಿ, "ಅಮ್ಮಾ, ಯಾರೋ ವಂದಿರುಕ್ಕಾಂಗ," ಯಾರೋ ಬಂದಿದ್ದಾರೆ ಎಂದು ತಮಿಳಿನಲ್ಲಿ ಕೂಗಿದಳು. ನನ್ನ ತಾಯಿಯನ್ನು ಅಮ್ಮ ಎಂದು ಕರೆಯುತ್ತ, ನನ್ನನ್ನು ಯಾರೋ ಎಂದಳು.

ನನ್ನನ್ನು ಶಾಲೆಗೆ ಸೇರಿಸಲು ನೋಡಿದರು. ತಮಿಳು ಬಾರದವಳೆಂದು ಒಂದನೇ ಕ್ಲಾಸಿನಲ್ಲಿ ಚಿಕ್ಕ ಮಕ್ಕಳ ನಡುವೆ ಕೂರಿಸಿದರು. ಮಂಡಿ ಬೆಂಚಿಗೆ ತಾಗುತ್ತಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ನಾನೇ ಹೋಗುವುದಿಲ್ಲ ಎಂದೆ, ಯಾರೂ ಬಹಳ ಒತ್ತಾಯ ಮಾಡಲಿಲ್ಲ. ಮನೆಯಲ್ಲಿ ಕೆಲಸವಿತ್ತು. ಹೋಟೆಲಿಗೆ ಬೇಕಾದ ತೆಂಗಿನಕಾಯಿ ತುರಿಯುವುದು, ಹುಣಸೆಹಣ್ಣಿನ ಬೀಜ ತೆಗೆಯುವುದು, ಬೆಳಿಗ್ಗೆ ರೇವತಿಯ ಜಡೆ ಹೆಣೆಯುವುದು. ಅವಳ ಶಾಲೆಯ ನೀಲಿ ಲಂಗವನ್ನು ನಾನೇ ಒಗೆದು, ಕೆಂಡ ತುಂಬಿದ ಚೊಂಬಿನಿಂದ ಇಸ್ತ್ರಿ ಮಾಡುತ್ತಿದ್ದೆ. ಒಂದೊಂದು ಮಡಿಕೆಯನ್ನೂ ನೇರಕ್ಕೆ ಒತ್ತುವಾಗ ಕೈ ಸ್ವಲ್ಪ ಹೆಚ್ಚು ಹೊತ್ತು ಇಟ್ಟು ಸುಟ್ಟುಬಿಡಲೇ ಎಂದು ಎಷ್ಟೋ ದಿನ ಅನ್ನಿಸಿದೆ. ಸುಡಲಿಲ್ಲ. ಸಂಜೆ ಕಾವಲಿಯಿಂದ ಏಳುವ ಮೊದಲ ದೋಸೆಯನ್ನು ಅಪ್ಪಯ್ಯ ಬಾಳೆಎಲೆಯಲ್ಲಿ ಸುತ್ತಿ ಮೇಲೆ ಕಳಿಸುತ್ತಿದ್ದರು, 'ಪಾಪುವಿಗೆ' ಎಂದು. ಪಾಪು ಎಂದರೆ ರೇವತಿ. ಅವಳು ಅದನ್ನು ಎರಡು ಮಾಡಿ ನನಗೂ ಕೊಡುತ್ತಿದ್ದಳು ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಕೊಟ್ಟದ್ದನ್ನು ತಿನ್ನುವಾಗ ನನಗೆ ಇನ್ನೂ ಹೆಚ್ಚು ಹೊಟ್ಟೆ ಉರಿಯುತ್ತಿತ್ತು.

ನಾನು ಬಂದ ಹೊಸದರಲ್ಲಿ ಒಂದು ಸಂಜೆ ಅವಳು ತಮಿಳಿನಲ್ಲಿ ಕೇಳಿದ ಪ್ರಶ್ನೆಯಿಂದ ಎಲ್ಲ ಶುರುವಾಯಿತು.

"ಅಕ್ಕಾ, ನೀ ಮಲೈ ಪಾತ್ತಿರುಕ್ಕಿಯಾ?"

ಬೆಟ್ಟ ನೋಡಿದ್ದೀಯಾ ಎಂದು ಅವಳು ಕೇಳಿದ್ದು. ನನಗೆ ಕೇಳಿಸಿದ್ದು ಮಳೆ.

"ಮಳೆ ಕಾಣದೆ ಎಂತ? ನಮ್ಮೂರಂಗೆ ಮನೆ ಒಳಗೂ ಬತ್ತ್. ಅಜ್ಜಿ ಪಾತ್ರೆ ಇಟ್ಟ್ ಹಿಡಿತಿದ್ರ್."

ಅಪ್ಪಯ್ಯ ಕಾಫಿ ನೆತ್ತಿಗೇರುವಷ್ಟು ನಕ್ಕರು. ಮನೆಯೊಳಗೆ ಬರುವ ಬೆಟ್ಟವನ್ನು ಪಾತ್ರೆಯಲ್ಲಿ ಹಿಡಿಯುವ ಅಜ್ಜಿ! ಅಮ್ಮನಿಗೂ ನಗು ತಡೆಯಲಾಗಲಿಲ್ಲ. ರೇವತಿ ಮಾತ್ರ ನಗದೆ ನನ್ನ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಬಾಯಿ ತೆರೆದು ನಾಲಿಗೆ ತೋರಿಸಿ ಪಾಠ ಮಾಡಿದಳು. ನಾಲಿಗೆಯ ತುದಿ ಹಲ್ಲಿನ ಹಿಂದೆ ಸುಮ್ಮನೆ ತಾಗಿದರೆ ಮಲೈ, ಬೆಟ್ಟ. ನಾಲಿಗೆ ಒಳಗೆ ಮಡಚಿದರೆ ಮಳೈ, ಮಳೆ.

"ಮಡಚ್‌ಬೇಡ ಅಕ್ಕಾ. ಚುಮ್ಮಾ ತಾಗಿಸು. ಮ-ಲೈ."

ತಮಿಳು ಆಡುವಾಗ ಹೆದರಿಕೆಗೆ ನನ್ನ ನಾಲಿಗೆ ತಾನಾಗಿ ಮಡಚಿಕೊಳ್ಳುತ್ತಿತ್ತು. ದಿನಾ ಕೇಳಿ ಕೇಳಿ, ಕನ್ನಡಿಯ ಎದುರು ಬಾಯಿ ತೆರೆಸಿ, ಅವಳು ಆ ಒಂದು ಮಾತನ್ನು ನನ್ನ ಬಾಯಿಗೆ ಕೂರಿಸಿದಳು. ತಮಿಳಿನಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದ ಮಾತು ಯಾವುದಾದರೂ ಇದ್ದರೆ ಅದೇ.

ಅವಳಿಗೆ ಬೆಟ್ಟದ ಹುಚ್ಚು. ಹುಟ್ಟಿದ ಮೇಲೆ ಬೆಟ್ಟ ನೋಡಿದವಳಲ್ಲ. ಪೆರಂಬೂರಿನಲ್ಲಿ ಎತ್ತರ ಎಂದರೆ ರೈಲ್ವೆ ಸೇತುವೆ. ಶಾಲೆಯ ಸ್ಲೇಟಿನಲ್ಲಿ ಎರಡು ಮೂರುಮೂಲೆ ಬರೆದು, ನಡುವೆ ಸೂರ್ಯನನ್ನು ಇಟ್ಟು, ಇದೇ ಅಲ್ಲವಾ ಎಂದು ತೋರಿಸುತ್ತಿದ್ದಳು. ನಾನು ಬಾಯಿ ಸೊಟ್ಟ ಮಾಡಿ ಅಲ್ಲ ಎನ್ನುತ್ತಿದ್ದೆ. ನನ್ನ ಅಜ್ಜಿಯ ಮನೆಯ ಅಂಗಳದಲ್ಲಿ ನಿಂತರೆ ಪೂರ್ವಕ್ಕೆ ಘಟ್ಟ ಕಾಣುತ್ತಿತ್ತು, ದೂರಕ್ಕೆ ನೀಲಿ, ಹತ್ತಿರ ಹೋದರೆ ಹಸುರು. ಸಂಜೆಯ ಹೊತ್ತು ಮಹಡಿಯಲ್ಲಿ ಬಟ್ಟೆ ತೆಗೆಯುವಾಗ ಅವಳು ನನ್ನ ಲಂಗ ಹಿಡಿದು ಸುತ್ತುತ್ತಿದ್ದಳು.

"ಹತ್ರ ಹೋದ್ರೆ ಆ ನೀಲಿ ಎಲ್ಲಿ ಹೋತ್ತ್ ಅಕ್ಕಾ?"

"ಅದೆಲ್ಲ ಕಂಡವ್ರಿಗೆ ಮಾತ್ರ ಗೊತ್ತಾಪ್ದ್."

ನನಗೂ ಗೊತ್ತಿರಲಿಲ್ಲ. ಆದರೆ ಅವಳು ಬಾಯಿ ಕಳೆದು ನನ್ನನ್ನು ನೋಡುವ ಆ ಹೊತ್ತು ನನಗೆ ಬೇಕಿತ್ತು. ಅವಳಿಗೆ ಶಾಲೆ ಇತ್ತು, ಕಿಟಕಿ ಇತ್ತು, ಮೊದಲ ದೋಸೆ ಇತ್ತು, ನಾನಿಲ್ಲದ ಅಷ್ಟೂ ವರ್ಷದ ಅಪ್ಪ ಅಮ್ಮ ಇದ್ದರು. ನನಗೆ ಇದ್ದದ್ದು ಒಂದು ಬೆಟ್ಟ. ಅದನ್ನು ನಾನು ಚೂರುಚೂರೇ ಮುರಿದು, ನನಗೆ ಮನಸ್ಸಾದಾಗ, ಅವಳಿಗೆ ಕೊಡುತ್ತಿದ್ದೆ.

ಹೀಗಿರುವಾಗ ಒಂದು ದಿನ ಅಪ್ಪಯ್ಯ ಊಟದ ಗಿರಾಕಿಗಳೆಲ್ಲ ಹೋದ ಮೇಲೆ ಮೇಲೆ ಬಂದು, ಬಾತುಕೊಂಡ ಕಾಲನ್ನು ತಣ್ಣೀರಿನ ಬಕೆಟಿನಲ್ಲಿ ಇಟ್ಟು ಕೂತು, ಏಲಗಿರಿ ಬೆಟ್ಟಕ್ಕೆ ಹೋಗುವ ಎಂದರು. ಅಪ್ಪಯ್ಯನ ಹೋಟೆಲು ವರ್ಷಕ್ಕೆ ಒಂದೇ ದಿನ ಮುಚ್ಚುವುದು, ಆಯುಧ ಪೂಜೆಯ ಮರುದಿನ. ಆವತ್ತು ಕಾರ್ಖಾನೆಯವರೆಲ್ಲ ಮನೆಯಲ್ಲಿರುತ್ತಾರೆ, ಗಿರಾಕಿ ಇರುವುದಿಲ್ಲ. ಬೆಳಿಗ್ಗೆ ಪೆರಂಬೂರಿನಲ್ಲೇ ರೈಲು ಹತ್ತಿ, ಜೋಲಾರ್‌ಪೇಟೆಯಲ್ಲಿ ಇಳಿದು, ಬಸ್ಸಿನಲ್ಲಿ ಮೇಲೆ ಹೋಗಿ, ಕತ್ತಲಾಗುವ ಹೊತ್ತಿಗೆ ಮನೆಗೆ ಬರುವುದು. ರೇವತಿ ಬಕೆಟನ್ನೇ ಮಗುಚಿಹಾಕಿ ಅವರ ಕುತ್ತಿಗೆಗೆ ಜೋತುಬಿದ್ದಳು. ನಾನು ನೆಲ ಒರೆಸಿದೆ. ಒರೆಸುವಾಗ ನನಗೆ ಅನ್ನಿಸಿದ್ದು ಇಷ್ಟೇ: ಇನ್ನು ಅದೂ ಅವಳದ್ದು.

ಆಮೇಲೆ ದಿನಾ ಮಧ್ಯಾಹ್ನ ಅದೇ ಮಾತು. ದಾರಿಯಲ್ಲಿ ತಿನ್ನಲು ಎಂತ ಮಾಡುವುದೆಂದು ಅಮ್ಮನಿಗೂ ಅಪ್ಪಯ್ಯನಿಗೂ ಜಗಳವೇ ಆಯಿತು.

"ಅಲ್ಲಿ ಯಾವ್ದಾರೂ ಹೋಟ್ಲಂಗೆ ತಿಂಬ ಬಿಡಿ. ನಂಗೊಂದ್ ದಿನ ಸೌಟ್ ಹಿಡಿಯುದ್ ತಪ್ಲಿ," ಎಂದರು ಅಮ್ಮ.

"ಹೋಟ್ಲಿನವ ಇನ್ನೊಬ್ರ ಹೋಟ್ಲಂಗೆ ಕೂಕಂಡ್ ತಿಂಬುದಾ? ಕಂಡವ್ರ್ ಎಂತ ಹೇಳ್ತ್ರ್?"

"ಆ ಬೆಟ್ಟದ ಮೇಲೆ ನಿಮ್ಮನ್ ಕಾಂಬ್ರ್ ಯಾರ್ ಮಾರಾಯ್ರೆ? ಮಂಗ."

ಕೊನೆಗೆ ಮೊಸರನ್ನ, ಪುಳಿಯೋಗರೆ ಎರಡೂ ಎಂದಾಯಿತು. ತಿರುವಿನಲ್ಲಿ ವಾಂತಿ ಬಂದರೆ ಮೂಸಲು ನಿಂಬೆಹಣ್ಣು. ಮೇಲೆ ಚಳಿ ಎಂದು ಯಾರೋ ಹೇಳಿದ್ದರಿಂದ ಪಕ್ಕದ ಮನೆಯವರಿಂದ ಒಂದು ಕೆಂಪು ಸ್ವೆಟರ್ ಕೇಳಿ ತಂದರು. ಒಂದೇ ಸಿಕ್ಕಿತು. ಅಮ್ಮ ಅದನ್ನು ರೇವತಿಗೆ ಹಾಕಿ ನೋಡಿ, ನನ್ನ ಕಡೆ ತಿರುಗಿ, "ನಿಂಗ್ ಬೇಡ ಅಲ್ದಾ? ನಿಂಗ್ ಘಟ್ಟದ್ ಗಾಳಿ ಅಭ್ಯಾಸ ಇತ್ತ್," ಎಂದರು. ಹೌದು ಎಂದೆ. ಮಳೆ ಬಂದರೆ ಮಾತ್ರ ಹೋಗುವುದಿಲ್ಲ, ಎಂದು ಅಪ್ಪಯ್ಯ ಎಲ್ಲರಿಗೂ ಹೇಳಿಟ್ಟಿದ್ದರು. ತಮಿಳರ ಐಪ್ಪಸಿ ತಿಂಗಳ ಮಳೆ ಶುರುವಾಗುವ ಕಾಲ ಅದು. ನಾನು ದಿನಾ ಆಕಾಶ ನೋಡುತ್ತಿದ್ದೆ. ರೇವತಿಯೂ ನೋಡುತ್ತಿದ್ದಳು. ಇಬ್ಬರೂ ಬೇರೆ ಬೇರೆ ಬೇಡಿಕೊಳ್ಳುತ್ತಿದ್ದೆವು.

ಆಯುಧ ಪೂಜೆಗೆ ಎರಡು ದಿನ ಮೊದಲೇ ರೇವತಿ ಮಾಧವರಂನಲ್ಲಿದ್ದ ಆ ಮಾವನ ಮನೆಗೆ ಹೋದಳು. ಮಾವನಿಗೆ ಹಾಲಿನ ಡೈರಿಯಲ್ಲಿ ಕೆಲಸ. ಅತ್ತೆ ಮದ್ರಾಸಿನಲ್ಲೇ ಹುಟ್ಟಿದವರು, ನವರಾತ್ರಿಗೆ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತಿದ್ದರು. ಪ್ರಯಾಣದ ಬೆಳಿಗ್ಗೆ ಮಾವ ಅವಳನ್ನು ಸ್ಕೂಟರಿನಲ್ಲಿ ನೇರ ಸ್ಟೇಷನ್ನಿಗೇ ತಂದು ಬಿಡುವುದೆಂದು ಮಾತಾಗಿತ್ತು. ಆದರೆ ಪೂಜೆಯ ದಿನ ಮಧ್ಯಾಹ್ನ ಮೋಡ ಕಟ್ಟಿ ನಾಲ್ಕು ಹನಿ ಬಿತ್ತು. ಅಪ್ಪಯ್ಯ ರುಬ್ಬುವ ಕಲ್ಲಿಗೆ, ಒಲೆಗೆ, ಕಾವಲಿಗೆ ಕುಂಕುಮ ಹಚ್ಚುತ್ತಿದ್ದವರು ಹೊರಗೆ ಬಂದು ನೋಡಿದರು. ಹನಿ ನಿಂತಿತ್ತು. ಆ ಹೊತ್ತಿಗೆ ಸಂಜೆಯ ಹಾಲು ತಂದ ಮುನುಸಾಮಿಯ ವ್ಯಾನು ತಿರುಗಿ ಹೊರಡುತ್ತಿತ್ತು. ಅವನು ಮಾವನ ಬೀದಿಯವನೇ.

"ಸುಶೀಲಾ, ಓಡ್. ಮುನುಸಾಮಿ ಹತ್ರ ಹೇಳ್. ನಾಳೆ ಬೆಟ್ಟಕ್ ಹೋಪುದ್ ಉಂಟ್, ಮಾವನಿಗ್ ಹೇಳುಕ್ ಹೇಳ್. ಮೋಡ ಕಂಡ್ ಅವ್ರ್ ಸುಮ್ನೆ ಕೂಕಂಬುದ್ ಬೇಡ."

ಓಡಿದೆ. ವ್ಯಾನಿನ ಕಿಟಕಿಯ ಬಳಿ ನಿಂತು ಏದುಸಿರಿನಲ್ಲಿ, ಮಾವನಿಗೆ ಹೇಳಬೇಕಂತೆ, ನಾಳೆಗೆ ಮಳೈ, ಎಂದೆ. ನಾಲಿಗೆ ಮಡಚಿತ್ತು. ಬೇಕೆಂದು ಮಡಚಿದ್ದಲ್ಲ. ಓಡಿ ಬಂದ ಗಾಬರಿಗೆ ಹಳೆಯ ಅಭ್ಯಾಸ ತಿರುಗಿ ಬಂತು, ಇಷ್ಟನ್ನು ನಾನು ಯಾವ ದೇವರ ಮುಂದೆಯೂ ಹೇಳಬಲ್ಲೆ. ಮುನುಸಾಮಿ ಮೇಲೆ ಮೋಡ ನೋಡಿದ, ನನ್ನ ಮುಖ ನೋಡಿದ.

"ಮಳೈಯಾ? ನಾಳೈಕ್ಕು ಮಳೈನ್ನು ಸೊಲ್ಲಣುಮಾ?"

ನಾಳೆ ಮಳೆ ಎಂದು ಹೇಳಬೇಕಾ, ಎಂದು ಅವನು ಕೇಳಿದ. ಅವನ ಬಾಯಲ್ಲಿ ಆ ಮಾತು ಮಡಚಿಕೊಂಡು ಬಂದದ್ದು ನನ್ನ ಕಿವಿಗೆ ಸ್ಪಷ್ಟವಾಗಿ ಕೇಳಿಸಿತು. ನನ್ನ ನಾಲಿಗೆ ತಾನಾಗಿಯೇ ಹಲ್ಲಿನ ಹಿಂದಕ್ಕೆ ಹೋಗಿ, ಮಲೈ ಎನ್ನಲು ತಯಾರಾಗಿ ನಿಂತಿತ್ತು, ಅದೂ ನೆನಪಿದೆ. ಆಗ ಕೆಂಪು ಸ್ವೆಟರ್ ಹಾಕಿಕೊಂಡ ರೇವತಿ ಅಪ್ಪಯ್ಯನ ಕೈ ಹಿಡಿದು ಬೆಟ್ಟ ಹತ್ತುವುದು, ನಾನು ಹಿಂದಿನಿಂದ ಮೊಸರನ್ನದ ಡಬ್ಬಿ ಹೊತ್ತು ಬರುವುದು ಕಣ್ಣಿಗೆ ಬಂತು. ಬಾಯಿ ಮುಚ್ಚಿದೆ. ತಲೆಯಾಡಿಸಿದೆ. ವ್ಯಾನು ಹೋಯಿತು. ಅದು ಸೇತುವೆಯ ಹತ್ತಿರ ಜನರ ನಡುವೆ ನಿಧಾನ ಮಾಡಿದಾಗ ಕೂಡ ಓಡಿ ಹಿಡಿಯಬಹುದಿತ್ತು. ನಾನು ಅದರ ಹಿಂದಿನ ಕೆಂಪು ದೀಪ ಕಾಣದಾಗುವವರೆಗೂ ಅಲ್ಲೇ ನಿಂತಿದ್ದೆ.

"ಹೇಳ್ದ್ಯಾ?" ಎಂದರು ಅಪ್ಪಯ್ಯ.

"ಹೇಳ್ದೆ."

ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಪ್ಲಾಟ್‌ಫಾರ್ಮಿನಲ್ಲಿ ಅಪ್ಪಯ್ಯ ಗೇಟಿನ ಕಡೆಗೇ ನೋಡುತ್ತ ಅತ್ತಿತ್ತ ನಡೆದರು. ರೈಲು ಬಂತು. ಮಾವ ಬಂದಿರಲಿಲ್ಲ. ಅಮ್ಮನನ್ನೂ ನನ್ನನ್ನೂ ಹತ್ತಿಸಿ, ಕೊನೆಯವರೆಗೂ ಕೆಳಗೇ ನಿಂತು, ರೈಲು ಅಲುಗಿದಾಗ ಅವರೂ ಹತ್ತಿದರು. ಮಾವ ತಡವಾಗಿ ಓಡಿ ಬಂದು ಪಾಪುವನ್ನು ಹಿಂದಿನ ಡಬ್ಬಿಗೆ ಹತ್ತಿಸಿರಬಹುದು ಎಂದರು. ಅರಕ್ಕೋಣದವರೆಗೆ ಡಬ್ಬಿಯಿಂದ ಡಬ್ಬಿಗೆ ಹೋಗಿ ಹುಡುಕಿ ಬಂದರು. ಅಮ್ಮ ಅಲ್ಲೇ ಇಳಿಯುವ ಎಂದು ಎದ್ದು ನಿಂತರು. ಅಪ್ಪಯ್ಯ ಬಾಗಿಲಿನವರೆಗೆ ಹೋದವರು ತಿರುಗಿ ನನ್ನನ್ನು ನೋಡಿದರು. ಎಷ್ಟೋ ಹೊತ್ತು ನೋಡಿದ ಹಾಗೆ ನನಗೆ ನೆನಪು.

"ಪಾಪು ಮಾವನ ಮನೆಯಂಗ್ ಗೊಂಬೆ ಮುಂದ್ ಸುಖವಾಗ್ ಇತ್ತ್. ಇವ್ಳ್ ಊರ್ ಬಿಟ್ಟ್ ಬಂದ್ ಮೇಲೆ ನಾವ್ ಎಲ್ಲಿಗ್ ಕರ್ಕಂಡ್ ಹೋಯ್ತ್? ಇವ್ಳಾರೂ ಕಾಣ್ಲಿ."

ಅದನ್ನೇ ಅಲ್ಲವೇ ನಾನು ಬಯಸಿದ್ದು? ಬೆಟ್ಟದ ಮೇಲೆ ಅಪ್ಪಯ್ಯ ನನಗೆ ಆ ಕೆಂಪು ಸ್ವೆಟರನ್ನು ತೊಡಿಸಿದರು. ತೋಳು ಮೊಣಕೈಯ ಹತ್ತಿರವೇ ನಿಂತಿತು. ನನ್ನ ಕೈ ಹಿಡಿದೇ ನಡೆದರು. ಮೊಸರನ್ನದ ಡಬ್ಬಿಯನ್ನು ಅವರೇ ಹೊತ್ತರು. ನನಗೆ ಬೇಕಾದ್ದೆಲ್ಲ ಆಯಿತು, ಆದರೆ ಕಂಡದ್ದಕ್ಕೆಲ್ಲ ಅವರು ಪಾಪು ಇದ್ದಿದ್ದರೆ ಎನ್ನುತ್ತಿದ್ದರು. ಕೋತಿ ಕಂಡರೂ ಹಾಗೇ, ಹಲಸಿನ ಮರ ಕಂಡರೂ ಹಾಗೇ. ಬಿಟ್ಟು ಬಂದವಳು ನಮ್ಮ ಜೊತೆಯಲ್ಲೇ ಇದ್ದಳು. ಕೆಳಗಿನ ಬಯಲೆಲ್ಲ ಕಾಣುವ ಒಂದು ಕಟ್ಟೆಯ ಮೇಲೆ ಕೂತಾಗ ಅಪ್ಪಯ್ಯ ನನ್ನ ತಲೆಯ ಮೇಲೆ ಕೈ ಇಟ್ಟು ನಕ್ಕರು.

"ನಿಂಗ್ ಗೊತ್ತಿತ್ತಾ ಮಗಾ? ಇದ್ ಅವ್ಳದ್ದೇ ಹಟ. ದಿನಾ ನನ್ ಜೀವ ತಿಂತಿತ್ತ್. ಅಕ್ಕನೇ ನಂಗೆ ಬೆಟ್ಟ ತೋರಿಸ್ಕ್, ಅಕ್ಕನಿಗ್ ಮಾತ್ರ ಗೊತ್ತಿಪ್ದ್, ನೀವ್ಯಾರೂ ತೋರಿಸ್ಬೇಡಿ ಅಂತ. ಬಪ್ಪ ವರ್ಷ ನೀನೇ ಕರ್ಕಂಡ್ ಬಂದ್ ತೋರ್ಸ್."

ನನ್ನ ಬೆಟ್ಟವನ್ನು ಅವಳು ಕಿತ್ತುಕೊಳ್ಳಲು ಬಂದಿರಲಿಲ್ಲ. ಅದು ನನ್ನದೇ ಎಂದು ಅಪ್ಪಯ್ಯನಿಗೆ ಹೇಳಿಟ್ಟಿದ್ದಳು. ಕೈಯಲ್ಲಿದ್ದ ಪುಳಿಯೋಗರೆಯನ್ನು ಬದಿಗೆ ಇಟ್ಟೆ. ಅಲ್ಲೇ, ಆಗಲೇ ಹೇಳಿದ್ದರೆ ಅಪ್ಪಯ್ಯ ಎರಡು ಹೊಡೆದು ಮುಗಿಸುತ್ತಿದ್ದರೋ ಏನೋ. ಹೇಳಲಿಲ್ಲ.

ಸಂಜೆ ಮನೆಗೆ ಬಂದರೆ ಮೆಟ್ಟಿಲ ಮೇಲೆ ಮಾವನೂ ರೇವತಿಯೂ ಕೂತಿದ್ದರು. ನಮ್ಮ ಕೈಯಲ್ಲಿ ಬುತ್ತಿಯ ಡಬ್ಬಿ, ನನ್ನ ಮೈಮೇಲೆ ಸ್ವೆಟರ್ ನೋಡಿ ಅವಳ ಮುಖ ಬಿಳಿಚಿಕೊಂಡಿತು.

"ಭಾವಾ, ನಾಳೆ ಮಳೆ, ಸುಶೀಲ ಹೇಳಿದ್ಲ್ ಅಂತ ಮುನುಸಾಮಿ ಹೇಳ್ದ. ನಾವ್ ಪ್ರಯಾಣ ಇಲ್ಲೆ ಅಂದ್ಕಂಡ್ತ್," ಎಂದರು ಮಾವ.

ಎಲ್ಲರೂ ನನ್ನನ್ನು ನೋಡಿದರು. ಯಾರೂ ಏನೂ ಕೇಳುವ ಮೊದಲೇ ಅಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ, ಮಲೈ ಅಂಬುಕ್ ಹೋಯಿ ಮಳೈ ಅಂದಿತ್ತೇ ಈ ಹೆಣ್ಣ್!" ಅಪ್ಪಯ್ಯನಿಗೆ ನಗುವುದೋ ಬೈಯುವುದೋ ತಿಳಿಯಲಿಲ್ಲ. ರೇವತಿ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಅಮ್ಮ ನನ್ನ ಕಡೆ ಕೈ ಎತ್ತಿದ್ದನ್ನು ನೋಡಿ, ನಡುವೆ ಬಂದು ನಿಂತಳು.

"ಅಕ್ಕನಿಗೆ ಬೈಬೇಡಿ. ನಾನೇ ಸರಿಯಾಗ್ ಕಲಿಸ್ಲಿಲ್ಲೆ."

ಮರುದಿನದಿಂದ ಅವಳು ಶಾಲೆಯಿಂದ ಬಂದ ಕೂಡಲೇ ಸ್ಲೇಟು ಹಿಡಿದು ನನಗೆ ತಮಿಳು ಅಕ್ಷರ ಕಲಿಸಲು ಕೂರುತ್ತಿದ್ದಳು. ತನ್ನ ತಪ್ಪು ಎಂದು. ನಾನು ಬಸ್ಸಿನ ಬೋರ್ಡು, ಅಂಗಡಿಯ ಹೆಸರು ಓದುವುದು ಇವತ್ತಿಗೂ ಅವಳು ಕಲಿಸಿದ ಅಕ್ಷರದಿಂದ.

ಬಪ್ಪ ವರ್ಷ ಎಂದಿದ್ದರು ಅಪ್ಪಯ್ಯ. ಮುಂದಿನ ಆಯುಧ ಪೂಜೆಗೆ ಅವರು ಇರಲಿಲ್ಲ. ಗಲ್ಲಾದಲ್ಲಿ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಹೋಟೆಲು ಬೇರೆಯವರಿಗೆ ಹೋಯಿತು. ಮಕ್ಕಳನ್ನು ಕರೆದುಕೊಂಡು ಅಪ್ಪಯ್ಯ ಹೊರಗೆ ಹೋದದ್ದು ಆ ಒಂದೇ ದಿನ, ಮತ್ತು ಆ ದಿನದಲ್ಲಿ ರೇವತಿ ಇರಲಿಲ್ಲ. ಅವಳು ದೊಡ್ಡವಳಾಗುತ್ತ ಮತ್ತೆ ಮತ್ತೆ ಕೇಳುತ್ತಿದ್ದಳು. ಅಲ್ಲಿ ಅಪ್ಪಯ್ಯ ಎಂತ ಮಾಡಿದರು, ಎಂತ ಹೇಳಿದರು, ಎಲ್ಲಿ ಕೂತರು. ನಾನು, "ಎಂತ ಇಲ್ಲೆ, ಪುಳಿಯೋಗರೆಗೆ ಉಪ್ಪ್ ಕಮ್ಮಿ ಆಯ್ತ್ ಅಂದ್ರ್," ಎನ್ನುತ್ತಿದ್ದೆ. ಮುಚ್ಚಿಡಲು ಹೆದರಿಕೆ ಒಂದೇ ಕಾರಣ ಎಂದರೆ ಮತ್ತೆ ಸುಳ್ಳು ಹೇಳಿದ ಹಾಗಾಗುತ್ತದೆ. ಅವಳು ಕಾಲೇಜಿಗೆ ಹೋದಳು, ಟೀಚರಾದಳು, ಟಿ. ನಗರದ ಮನೆಗೆ ಸೊಸೆಯಾಗಿ ಹೋದಳು. ಅಷ್ಟೆಲ್ಲ ಇದ್ದವಳಿಗೆ ಆ ಕಟ್ಟೆಯ ಮೇಲಿನ ಮಾತೂ ಯಾಕೆ ಬೇಕು, ಅದೊಂದು ನನ್ನದಾಗಿ ಇರಲಿ ಎಂದು ನಾನು ಹಿಡಿದಿಟ್ಟುಕೊಂಡೆ. ಆ ಮಾತು ಅವಳಿಗೆ ಸೇರಿದ್ದು ಎಂದು ಗೊತ್ತಿದ್ದೂ.

ಮೊನ್ನೆ ಭಾನುವಾರ ಅವಳು ನಮ್ಮ ಮನೆಗೆ ಬಂದಿದ್ದಳು. ನಾನೀಗ ಮಗನ ಜೊತೆ ಮಾಧವರಂನಲ್ಲಿ ಇದ್ದೇನೆ. ಶಾಲೆಗೆ ರಜೆ ಬರುವಾಗ ಮೊಮ್ಮಕ್ಕಳನ್ನೆಲ್ಲ ಕಟ್ಟಿಕೊಂಡು ಒಂದು ದಿನ ಏಲಗಿರಿಗೆ ಹೋಗಿ ಬರುವುದೆಂದು ಮಾತು. ನನ್ನ ಮಗ ಮೊಬೈಲಿನಲ್ಲಿ ವ್ಯಾನು ನೋಡುತ್ತಿದ್ದ, ಮಕ್ಕಳು ಕಿಟಕಿಯ ಸೀಟಿಗಾಗಿ ಈಗಲೇ ಹೊಡೆದಾಡುತ್ತಿದ್ದವು. ರೇವತಿ ಅವರನ್ನು ಸುಮ್ಮನಿರಿಸಲು ಆ ಹಳೆಯ ಕತೆ ತೆಗೆದಳು. ನನ್ನ ಹಾಗೇ ಕಣ್ಣು ಅಗಲ ಮಾಡಿ, ಏದುಸಿರು ಬಿಟ್ಟು, "ಮಳೈ!" ಎಂದಳು. ಮಕ್ಕಳು ಬಿದ್ದು ಬಿದ್ದು ನಕ್ಕರು. ನನ್ನ ಮೊಮ್ಮಗ ಆದಿ ಮಾತ್ರ ನಗುವುದನ್ನು ಅರ್ಧಕ್ಕೆ ನಿಲ್ಲಿಸಿ ನನ್ನ ಕಡೆ ನೋಡಿದ. ಅವನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ.

"ಅಜ್ಜಿ, ನಿಜಮಾವೇ ಉನಕ್ಕು ತೆರಿಯಾದಾ?"

ನಿಜವಾಗಿಯೂ ನಿನಗೆ ಗೊತ್ತಿರಲಿಲ್ಲವಾ? ಇಷ್ಟು ವರ್ಷದಲ್ಲಿ ಒಬ್ಬರೂ ಕೇಳದ ಪ್ರಶ್ನೆ. ಹುಡುಗ ಅನುಮಾನದಿಂದ ಕೇಳಿದ್ದಲ್ಲ, ಬರೀ ಆಶ್ಚರ್ಯದಿಂದ ಕೇಳಿದ್ದ. ನಾನು ಎದ್ದು ಬಾಲ್ಕನಿಗೆ ಹೋದೆ. ಸ್ವಲ್ಪ ಹೊತ್ತಿಗೆ ರೇವತಿ ಹಿಂದೆ ಬಂದು ಬಾಗಿಲು ಎಳೆದುಕೊಂಡಳು.

"ಎಂತಾಯ್ತೇ ಅಕ್ಕಾ? ಬೇಜಾರಾಯ್ತಾ? ಇನ್ ಮಕ್ಕಳ್ ಎದ್ರ್ ಆ ಕತೆ ಹೇಳುದಿಲ್ಲೆ, ಬಿಡ್."

"ಅವ ಕೇಂಡದ್ ಸರಿ. ನಂಗ್ ಗೊತ್ತಿತ್ತ್."

"ಎಂತ ಗೊತ್ತಿತ್ತ್?"

"ಮುನುಸಾಮಿ ತಿರುಗಿ ಕೇಂಡ. ಮಳೆಯಾ ಅಂತ. ತಪ್ಪು ಅಂತ ನಂಗ್ ಗೊತ್ತಾಯ್ತ್. ನಾನ್ ಹೌದ್ ಅಂದೆ."

"ನೀನ್ ಸಣ್ಣದ್, ಹೆದರಿಕಿಗ್ ಅಂದದ್ದೇನೋ. ತಮಿಳ್ ನಿಂಗ್ ಎಲ್ಲಿ ಬತ್ತಿತ್ತ್..."

ಅಭ್ಯಾಸದಿಂದ ಅವಳು ಮತ್ತೆ ನನಗಾಗಿ ನೆಪ ಹುಡುಕುತ್ತಿದ್ದಳು. ಬೇಡ ಎಂದು ಅವಳ ಕೈ ಹಿಡಿದೆ. ಅಪ್ಪಯ್ಯ ಕಟ್ಟೆಯ ಮೇಲೆ ಕೂತು ಹೇಳಿದ್ದನ್ನು, ಅವಳ ಹಟದ ಬಗ್ಗೆ ಹೇಳಿದ್ದನ್ನು, ಕೋತಿಗೂ ಹಲಸಿನ ಮರಕ್ಕೂ ಅವಳ ಹೆಸರು ಕರೆದದ್ದನ್ನು, ಒಂದೂ ಬಿಡದೆ ಹೇಳಿದೆ. ಅವಳು ಕುರ್ಚಿ ಹುಡುಕಿ ಕೂತಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡಿದಳು. ಅವಳ ಕಣ್ಣಿನಲ್ಲಿ ನಗು ಇರಲಿಲ್ಲ, ಕ್ಷಮೆಯೂ ಇನ್ನೂ ಇರಲಿಲ್ಲ. ನಾನು ನಿಂತೇ, ಒಳಗಿನ ಮಕ್ಕಳಿಗೂ ಕೇಳುವಷ್ಟು ಜೋರಾಗಿ ಹೇಳಿದ್ದು ಇಷ್ಟು:

"ಅಪ್ಪಯ್ಯನ ಹತ್ರ ಒಂದ್ ದಿನ ನಾನೊಬ್ಳೇ ಇರ್ಕ್ ಅಂತ ಇತ್ತ್ ರೇವತಿ, ನೀನ್ ಬಪ್ಪುದ್ ನಂಗ್ ಬೇಡ ಇತ್ತ್. ಅದಕ್ಕೇ ಮಾಡ್ದೆ. ಗೊತ್ತಿಲ್ದೆ ಆದ್ದಲ್ಲ, ಗೊತ್ತಿದ್ದೇ ಮಾಡಿದ್ದ್. ನಿನ್ ಅಪ್ಪಯ್ಯನ್ ಒಂದ್ ದಿನ ನಾನ್ ಕದ್ದೆ. ತಪ್ಪಾಯ್ತ್."